ಸೀಟಿಗಿಂತ ಮೊದಲು ವಾರ್ಡು ನೋಡಿ

ಬಿ.ಫಾರ್ಮ್ ಕೊನೆಯ ಸೆಮಿಸ್ಟರಿನ ಫಲಿತಾಂಶ ಬರುತ್ತಿದ್ದಂತೆ ಕಾರವಾರ, ಅಂಕೋಲೆ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪೇಟೆಯಲ್ಲಿ ಮೆಡಿಕಲ್ ಶಾಪ್ ಹಾಕುವುದೋ, ಗೋವಾದ ವೆರ್ಣಾದಲ್ಲಿ ಔಷಧ ಕಂಪನಿ ಸೇರುವುದೋ, ಇನ್ನೂ ಓದುವುದೋ? ಮೊದಲಿನ ಎರಡಕ್ಕೆ ದಾರಿ ಹೇಳುವವರು ಊರಲ್ಲೇ ಇದ್ದಾರೆ. ಅಂಗಡಿ ಹಾಕಿದ ಮಾವ ಇರುತ್ತಾನೆ, ಕಂಪನಿಯ ಬಸ್ಸು ಹತ್ತುವ ಪಕ್ಕದ ಮನೆಯವರ ಮಗ ಇರುತ್ತಾನೆ. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಜೊತೆ ನಿಂತು ರೋಗಿಯ ಔಷಧಗಳ ಪಟ್ಟಿ ತೂಗಿ ನೋಡುವ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಬೇಕು ಎನ್ನುವ ಹುಡುಗಿಗೆ ಏನು ಹೇಳಬೇಕೆಂದು ಹೆಚ್ಚಿನವರಿಗೆ ತಿಳಿಯದು. ಅವಳಿಗೆ ಸಿಗುವ ಸಲಹೆ ಒಂದೇ: ‘ಮೊದಲು ಎಲ್ಲಾದರೂ ಸೀಟು ಹಿಡಿ, ಉಳಿದದ್ದು ಆಮೇಲೆ.’ ಈ ಸಲಹೆಯನ್ನು ತಿರುವಿ ಹಾಕಬೇಕೆಂಬುದೇ ಈ ವಾರದ ನನ್ನ ವಾದ.

ಬ್ರಿಟನ್ನಿನಲ್ಲಿ ಫಾರ್ಮಸಿ ಪದವಿ ಮುಗಿಸಿದವರು ನೋಂದಣಿಗೆ ಮುನ್ನ 52 ವಾರಗಳ ಫೌಂಡೇಶನ್ ತರಬೇತಿ ಮಾಡಲೇಬೇಕು. ಹೆಚ್ಚಿನವರು ಒರಿಯಲ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕುತ್ತಾರೆ, ಪರೀಕ್ಷೆ ಬರೆಯುತ್ತಾರೆ, ತಮಗೆ ಬೇಕಾದ ಆಸ್ಪತ್ರೆ, ಔಷಧಾಲಯಗಳನ್ನು ಆದ್ಯತೆಯ ಕ್ರಮದಲ್ಲಿ ಗುರುತಿಸುತ್ತಾರೆ. ಅಂಕಕ್ಕೆ ತಕ್ಕ ಜಾಗ ಸಿಗುತ್ತದೆ, ಆ ವರ್ಷಕ್ಕೆ ಸಂಬಳವೂ ಉಂಟು. ಅಮೆರಿಕದಲ್ಲಿ ಪದವಿಯ ನಂತರದ ರೆಸಿಡೆನ್ಸಿಗೆ ‘ಮ್ಯಾಚ್’ ಎಂಬ ಏರ್ಪಾಡಿದೆ. ಅಭ್ಯರ್ಥಿ ತನಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾನೆ, ಆಸ್ಪತ್ರೆಗಳೂ ತಮಗೆ ಬೇಕಾದ ಅಭ್ಯರ್ಥಿಗಳ ಪಟ್ಟಿ ಕೊಡುತ್ತವೆ, ಎರಡನ್ನೂ ಗಣಕಯಂತ್ರ ಹೊಂದಿಸುತ್ತದೆ. ನಮ್ಮಲ್ಲಿ ದೇಶಕ್ಕೆಲ್ಲ ಒಂದಾಗುವ ಇಂಥ ಬಾಗಿಲಿಲ್ಲ. ಆಸ್ಪತ್ರೆಯ ತರಬೇತಿ ಎಂಬುದು ಕೋರ್ಸಿನ ಸೀಟಿನೊಳಗೇ ಅಡಗಿ ಕುಳಿತಿದೆ. ಕಾಲೇಜು ಆರಿಸಿದ ದಿನವೇ ನೀವು ನಿಮ್ಮ ವಾರ್ಡನ್ನೂ ಆರಿಸಿದ್ದೀರಿ. ಅದು ಗೊತ್ತಾಗುವುದು ಮಾತ್ರ ಎರಡು ವರ್ಷ ಕಳೆದ ಮೇಲೆ.

ಬಿ.ಫಾರ್ಮ್ ಆದವರಿಗೆ ವಾರ್ಡಿನ ಕಡೆ ಹೋಗುವ ದಾರಿ ಮುಖ್ಯವಾಗಿ ಎರಡು. ಒಂದು, ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಎರಡು ವರ್ಷದ ಎಂ.ಫಾರ್ಮ್. ಇನ್ನೊಂದು, ಫಾರ್ಮ್ ಡಿ ಪೋಸ್ಟ್ ಬ್ಯಾಕಲಾರಿಯೇಟ್, ಕಾಲೇಜುಗಳ ಆಡುಮಾತಿನಲ್ಲಿ ‘ಪಿಬಿ’. ಪಿಯುಸಿ ಮುಗಿಸಿ ನೇರವಾಗಿ ಸೇರುವ ಫಾರ್ಮ್ ಡಿ ಆರು ವರ್ಷದ್ದು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಬಿ.ಫಾರ್ಮ್ ಆದವರು ಪಿಬಿ ಮೂಲಕ ಅದೇ ಬಂಡಿಯನ್ನು ನಾಲ್ಕನೇ ವರ್ಷದಲ್ಲಿ ಹತ್ತಿ, ಎರಡು ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡುತ್ತಾರೆ. ಭಾರತೀಯ ಫಾರ್ಮಸಿ ಪರಿಷತ್ತು ಈ ಕೋರ್ಸಿಗೆ ನಿಯಮ ಮಾಡಿದ್ದು 2008ರಲ್ಲಿ. ಅದಕ್ಕೂ ಸುಮಾರು ಒಂದು ದಶಕ ಮೊದಲೇ, 1990ರ ದಶಕದ ಉತ್ತರಾರ್ಧದಲ್ಲಿ, ಮೈಸೂರು ಮತ್ತು ಊಟಿಯ ಜೆಎಸ್ಎಸ್ ಫಾರ್ಮಸಿ ಕಾಲೇಜುಗಳು ಫಾರ್ಮಸಿ ಪ್ರಾಕ್ಟೀಸ್ ಎಂ.ಫಾರ್ಮ್ ಆರಂಭಿಸಿ ಈ ವಿದ್ಯೆಗೆ ದೇಶದಲ್ಲಿ ನೆಲೆ ಕಟ್ಟಿದ್ದವು. ಕರ್ನಾಟಕದ ಮಟ್ಟಿಗೆ ಇದು ಹೊರಗಿನಿಂದ ಬಂದ ಹೊಸ ಸರಕೇನಲ್ಲ.

ಪಿಬಿಯ ಇಂಟರ್ನ್‌ಶಿಪ್ ವರ್ಷ ಹೇಗಿರಬೇಕೆಂದು ನಿಯಮ ಸ್ಪಷ್ಟವಾಗಿ ಹೇಳಿದೆ: ಆರು ತಿಂಗಳು ಜನರಲ್ ಮೆಡಿಸಿನ್ ವಿಭಾಗದಲ್ಲಿ, ಉಳಿದ ಆರು ತಿಂಗಳು ತಲಾ ಎರಡು ತಿಂಗಳಂತೆ ಬೇರೆ ಮೂರು ವಿಭಾಗಗಳಲ್ಲಿ. ಆಸ್ಪತ್ರೆಗೆ ಕನಿಷ್ಠ 300 ಹಾಸಿಗೆ ಇರಬೇಕು. ಸ್ವಂತ ಆಸ್ಪತ್ರೆ ಇಲ್ಲದ ಕಾಲೇಜು ಬೇರೆ ಆಸ್ಪತ್ರೆಯ ಜೊತೆ ಒಡಂಬಡಿಕೆ ಮಾಡಿಕೊಳ್ಳಬಹುದು. ಕಾಗದದಲ್ಲಿ ಇಷ್ಟೂ ಚೆಂದ. ಸಮಸ್ಯೆ ಹುಟ್ಟುವುದು ಆ ಒಡಂಬಡಿಕೆಯ ಒಳಗೆ. ಆಸ್ಪತ್ರೆ ಒಂದೂರಲ್ಲಿ, ಕಾಲೇಜು ಇನ್ನೊಂದೂರಲ್ಲಿ. ಮೇಷ್ಟ್ರು ವಾರ್ಡಿಗೆ ಬರುವುದು ತಪಾಸಣೆಯ ದಿನ ಮಾತ್ರ. ವಿದ್ಯಾರ್ಥಿ ಲಾಗ್‌ಬುಕ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೇಸ್‌ಶೀಟ್ ನಕಲು ಮಾಡುತ್ತಾನೆ, ‘ಈ ಮಾತ್ರೆ ಇಷ್ಟು ಡೋಸ್ ಏಕೆ?’ ಎಂದು ಕೇಳುವ ಧೈರ್ಯ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಇನ್ನೊಂದು ಕಡೆ, ಫಾರ್ಮಸಿ ಪ್ರಾಕ್ಟೀಸ್ ವಿಭಾಗವೇ ಆಸ್ಪತ್ರೆಯೊಳಗೆ ಕೋಣೆ ಮಾಡಿಕೊಂಡು ಕುಳಿತಿರುತ್ತದೆ. ಬೆಳಗಿನ ರೌಂಡ್ಸಿನಲ್ಲಿ ಯೂನಿಟ್ ಮುಖ್ಯಸ್ಥರು ತಿರುಗಿ ಇಂಟರ್ನ್‌ನನ್ನೇ ಕೇಳುತ್ತಾರೆ: ‘ಕಿಡ್ನಿ ಹೀಗಿದೆ, ಈ ಆಂಟಿಬಯಾಟಿಕ್ಕಿನ ಪ್ರಮಾಣ ಎಷ್ಟಕ್ಕೆ ಇಳಿಸೋಣ?’ ಎರಡೂ ಕಡೆ ಸಿಗುವ ಪ್ರಮಾಣಪತ್ರದ ಕಾಗದ ಒಂದೇ ತೂಕದ್ದು.

ಹಾಗಾದರೆ ವಾರ್ಡು ನೋಡುವುದು ಹೇಗೆ? ಸೀಟಿಗೆ ದುಡ್ಡು ಕಟ್ಟುವ ಮೊದಲು ಒಂದು ದಿನ ಆ ಆಸ್ಪತ್ರೆಗೆ ಹೋಗಿ. ಕಾಲೇಜಿಗಲ್ಲ, ಆಸ್ಪತ್ರೆಗೆ. ಹೊರರೋಗಿಗಳ ಸಾಲಿನ ಪಕ್ಕ ಔಷಧ ಮಾಹಿತಿ ಕೇಂದ್ರವೋ, ರೋಗಿಗಳಿಗೆ ಔಷಧ ಸಲಹೆ ಕೊಡುವ ಕೋಣೆಯೋ ಇದೆಯೇ, ಇದ್ದರೆ ಅದರ ಬಾಗಿಲು ತೆರೆದಿದೆಯೇ ನೋಡಿ. ಅಲ್ಲಿರುವ ಇಂಟರ್ನ್‌ಗಳನ್ನು ಚಹಾಕ್ಕೆ ಕರೆಯಿರಿ. ಪ್ರಾಧ್ಯಾಪಕರು ಹೇಳುವುದಕ್ಕಿಂತ ಹೆಚ್ಚು ಸತ್ಯ ಕ್ಯಾಂಟೀನಿನಲ್ಲಿ ಸಿಗುತ್ತದೆ. ದಿನಕ್ಕೆ ಎಷ್ಟು ಹೊತ್ತು ವಾರ್ಡಿನಲ್ಲಿರುತ್ತೀರಿ, ನಿಮ್ಮ ಟಿಪ್ಪಣಿಯನ್ನು ವೈದ್ಯರು ಓದುತ್ತಾರೆಯೇ, ಕೊನೆಯ ವರ್ಷಕ್ಕೂ ಪೂರ್ತಿ ಶುಲ್ಕವೇ, ಸ್ಟೈಪೆಂಡ್ ಕೊಡುತ್ತಾರೆಯೇ? ಎಂಬಿಬಿಎಸ್ ಇಂಟರ್ನ್‌ಗಳಿಗೆ ಸರ್ಕಾರ ನಿಗದಿ ಮಾಡಿದಂಥ ಸ್ಟೈಪೆಂಡ್ ಫಾರ್ಮ್ ಡಿ ಇಂಟರ್ನ್‌ಗಳಿಗೆ ಎಲ್ಲ ಕಡೆ ಇಲ್ಲ. ಕೆಲಸವೂ ಮಾಡಿ, ಶುಲ್ಕವೂ ಕಟ್ಟುವ ಪರಿಸ್ಥಿತಿ ಹಲವೆಡೆ ಇದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಕಿಲ್ಲ.

ಎಂ.ಫಾರ್ಮ್ ದಾರಿಯಲ್ಲಿ ದುಡ್ಡಿನ ಲೆಕ್ಕ ಸ್ವಲ್ಪ ಬೇರೆ. ಜಿಪ್ಯಾಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಅರ್ಹತೆ ಪಡೆದು, ಮಾನ್ಯತೆ ಇರುವ ಕಾಲೇಜಿನಲ್ಲಿ ಎಂ.ಫಾರ್ಮ್ ಸೇರಿದವರಿಗೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿಯ ವಿದ್ಯಾರ್ಥಿವೇತನ ಇಟ್ಟಿದೆ. ಈ ಪರೀಕ್ಷೆಯನ್ನು ಮೊದಲು ಎಐಸಿಟಿಇಯೇ ನಡೆಸುತ್ತಿತ್ತು, 2019ರಿಂದ ಎನ್‌ಟಿಎ, 2024ರಿಂದ ವೈದ್ಯಕೀಯ ಪಿಜಿ ಪರೀಕ್ಷೆಗಳನ್ನು ನಡೆಸುವ ಎನ್‌ಬಿಇಎಂಎಸ್. ಮೂರು ಗಂಟೆ, 125 ಪ್ರಶ್ನೆ, 500 ಅಂಕ. ಸರಿಯುತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಳೆತ. ಪ್ರಶ್ನೆಗಳಲ್ಲಿ 38 ಔಷಧ ರಸಾಯನಶಾಸ್ತ್ರದಿಂದ, 38 ಫಾರ್ಮಾಸ್ಯೂಟಿಕ್ಸಿನಿಂದ, 28 ಫಾರ್ಮಕಾಲಜಿಯಿಂದ. ವಾರ್ಡಿನಲ್ಲಿ ದಿನವೂ ಬೇಕಾಗುವ ವಿದ್ಯೆಗೆ ಉಳಿಯುವುದು ಇದಿಷ್ಟರ ಅಂಚಿನ ಜಾಗ. ಕ್ಲಿನಿಕಲ್ ಕೆಲಸದ ಆಸೆಯಿಂದ ಫಾರ್ಮಕಾಲಜಿಯನ್ನಷ್ಟೇ ಗಟ್ಟಿ ಮಾಡಿ, ರಸಾಯನಶಾಸ್ತ್ರವನ್ನು ದೂರವಿಟ್ಟವರಿಗೆ ಜಿಪ್ಯಾಟ್ ದಯೆ ತೋರದು. ಅಂಕಕ್ಕೆ ಮೂರು ವರ್ಷ ಬಾಳಿಕೆ ಇದೆ, ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. ಹಾಗಾಗಿ ಒಂದು ಸಲ ಬರೆದು ನೋಡುವುದರಲ್ಲಿ ನಷ್ಟವಿಲ್ಲ.

ನೈಪರ್ ಸಂಸ್ಥೆಗಳ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಮೊಹಾಲಿ, ಹೈದರಾಬಾದ್, ಅಹಮದಾಬಾದ್ ಸೇರಿ ಏಳು ಕಡೆ ಇರುವ ಈ ಕೇಂದ್ರ ಸಂಸ್ಥೆಗಳಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ಜಿಪ್ಯಾಟ್ ಅರ್ಹತೆಯ ಮೇಲೆ ಅವರದೇ ಇನ್ನೊಂದು ಪ್ರವೇಶ ಪರೀಕ್ಷೆ ಬರೆಯಬೇಕು. ಸಂಶೋಧನೆ, ಉದ್ಯಮದತ್ತ ಮನಸ್ಸಿರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಕಾಗದಪತ್ರದ ಒಂದು ವಿಷಯ. ರಾಜ್ಯದ ಸೀಟಿಗೆ ನಾಡಕಚೇರಿಯಿಂದ ಪಡೆಯುವ ಪ್ರವರ್ಗ-1, 2ಎ, 3ಎಯಂಥ ಜಾತಿ-ಆದಾಯ ಪ್ರಮಾಣಪತ್ರ ಬೇರೆ, ಜಿಪ್ಯಾಟ್, ನೈಪರ್‌ನಂಥ ಕೇಂದ್ರದ ಪ್ರಕ್ರಿಯೆಗೆ ಬೇಕಾದ ಒಬಿಸಿ ನಮೂನೆ ಬೇರೆ. ಒಂದನ್ನು ಕೊಟ್ಟು ಇನ್ನೊಂದರ ಮೀಸಲಾತಿ ಪಡೆಯಲಾಗದು. ಮಳೆಗಾಲದ ನಡುವೆ, ಕೊನೆಯ ದಿನಾಂಕಕ್ಕೆ ವಾರವಿರುವಾಗ ತಹಶೀಲ್ದಾರ್ ಕಚೇರಿಗೆ ಓಡುವ ಬದಲು ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ಎರಡನ್ನೂ ಮಾಡಿಸಿಟ್ಟುಕೊಳ್ಳಿ. ಬಿ.ಫಾರ್ಮ್ ಮುಗಿದ ಕೂಡಲೇ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಮುಂದೆ ಯಾವ ದಾರಿ ಹಿಡಿದರೂ ಆ ಸಂಖ್ಯೆ ಕೇಳುತ್ತಾರೆ.

ಇನ್ನು ಭೂಗೋಳ. ನಮ್ಮವರಿಗೆ ಫಾರ್ಮಸಿ ಎಂದರೆ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಘಟ್ಟ ಹತ್ತಿದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಉತ್ತರಕ್ಕೆ ಗೋವಾ. 1963ರಲ್ಲಿ ಶುರುವಾದ ಮಣಿಪಾಲದ ಫಾರ್ಮಸಿ ಕಾಲೇಜಿನ ಬೆನ್ನಿಗೆ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಯ ಕಸ್ತೂರಬಾ ಆಸ್ಪತ್ರೆ ನಿಂತಿದೆ. ಬೆಳಗಾವಿಯ ಕೆಎಲ್ಇ ಫಾರ್ಮಸಿ ಕಾಲೇಜಿಗೂ ಅದೇ ಸಂಸ್ಥೆಯ ದೊಡ್ಡ ಆಸ್ಪತ್ರೆ ಇದೆ. ಶುಲ್ಕವೂ ಅದಕ್ಕೆ ತಕ್ಕಂತೆ ಇರುತ್ತದೆ ಎನ್ನುವುದು ಬೇರೆ ಮಾತು. ಗೋವಾ ಹತ್ತಿರವೆಂದು ಹಲವರು ಆಸೆಪಡುತ್ತಾರೆ. ಆ ಆಸೆಗೆ ಇತಿಹಾಸದ ಆಧಾರವೂ ಇದೆ: 1842ರಲ್ಲಿ ಪೋರ್ಚುಗೀಸರು ಪಣಜಿಯಲ್ಲಿ ತೆರೆದ ವೈದ್ಯಕೀಯ ಶಾಲೆಯಲ್ಲಿ ಫಾರ್ಮಸಿಯನ್ನೂ ಕಲಿಸುತ್ತಿದ್ದರು. ಆದರೆ ಅಲ್ಲಿನ ಸರ್ಕಾರಿ ಸೀಟುಗಳಿಗೆ ಗೋವಾ ನಿವಾಸಿಗಳ ನಿಯಮ ಅಡ್ಡ ಬರುತ್ತದೆ. ಮನೆಯಲ್ಲಿ ಕೊಂಕಣಿ ಆಡುತ್ತೇವೆ ಎಂಬುದು ದಾಖಲೆಯಾಗದು. ಮನೆಯಿಂದ ಓಡಾಡಿಕೊಂಡೇ ಇಂಟರ್ನ್‌ಶಿಪ್ ಮುಗಿಸುತ್ತೇನೆ ಎನ್ನುವವರಿಗೆ 2024ರ ಮಳೆಗಾಲ ನೆನಪಿರಬೇಕು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಇನ್ನೂ ಓಡದ ಹುಬ್ಬಳ್ಳಿ–ಅಂಕೋಲಾ ರೈಲಿನ ಕಥೆ ನಮ್ಮ ಓದುಗರಿಗೆ ಹೇಳಬೇಕಾಗಿಯೇ ಇಲ್ಲ. ಹಾಸ್ಟೆಲಿನ ಖರ್ಚನ್ನು ಲೆಕ್ಕಕ್ಕೆ ಸೇರಿಸಿಯೇ ಸೀಟು ನೋಡಿ.

ಅರ್ಜಿಯ ಜೊತೆ ಬರೆಯಬೇಕಾದ ಒಂದು ಪುಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅಂಕ ಚೆನ್ನಾಗಿದ್ದ ನಮ್ಮ ಮಕ್ಕಳೂ ಇಲ್ಲೇ ಎಡವುತ್ತಾರೆ. ಸಂದರ್ಶನವಿರುವ ಕಾಲೇಜಿಗೆ, ಕ್ಲಿನಿಕಲ್ ಫಾರ್ಮಸಿಸ್ಟ್ ಟ್ರೇನಿಗಳನ್ನು ತೆಗೆದುಕೊಳ್ಳುವ ಖಾಸಗಿ ಆಸ್ಪತ್ರೆಗೆ, ವಿದೇಶಕ್ಕೆ, ಎಲ್ಲಿಗೆ ಅರ್ಜಿ ಹಾಕಿದರೂ ‘ಈ ಕ್ಷೇತ್ರ ಏಕೆ?’ ಎಂಬ ಪ್ರಶ್ನೆ ತಪ್ಪದು. ಬರುವ ಉತ್ತರಗಳೆಲ್ಲ ಒಂದೇ ಅಚ್ಚಿನವು: ಬಾಲ್ಯದಿಂದಲೂ ಸೇವೆ ಮಾಡುವ ಆಸೆ, ಔಷಧ ವಿಜ್ಞಾನದಲ್ಲಿ ಅಪಾರ ಆಸಕ್ತಿ. ಇವುಗಳನ್ನು ಓದುವವರು ದಿನಕ್ಕೆ ಐವತ್ತು ಓದುತ್ತಾರೆ. ಅಂಕೋಲೆಯ ಹುಡುಗಿ ಬರೆಯಬಹುದಾದದ್ದು ಬೆಂಗಳೂರಿನವರಿಗೆ ಬರೆಯಲಾಗದ ಸಂಗತಿ.

ಬೇಲೆಕೇರಿಯಿಂದ ಟ್ರಾಲರಿನಲ್ಲಿ ಹೊರಟು ದಿನಗಟ್ಟಲೆ ಕಡಲಲ್ಲಿರುವ ಮಧುಮೇಹಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಇನ್ಸುಲಿನ್ ತಣ್ಣಗಿರಬೇಕೆಂದು ಯಾರೋ ಹೇಳಿದ್ದಾರೆ. ಬೋಟಿನಲ್ಲಿ ತಂಪು ಜಾಗವೆಂದರೆ ಮೀನಿನ ಐಸ್ ಪೆಟ್ಟಿಗೆ. ಅವರು ಅದನ್ನು ನೇರವಾಗಿ ಐಸಿನ ಮೇಲೆ ಇಡುತ್ತಾರೆ, ಅದು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರಬಹುದು, ಅದರ ಗುಣ ಮಾತ್ರ ನೆಚ್ಚುವಂಥದ್ದಲ್ಲ, ಎಸೆಯಬೇಕು. ತೆರೆದ ವಯಲನ್ನು ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಬಿಸಿಲಿಗೆ ಬೀಳದಂತೆ ತಂಪಾದ ನೆರಳಲ್ಲಿಟ್ಟರೆ ಸಾಕು ಎಂದು ಹೇಳುವವರು ಬೇಕು. ಸಕ್ಕರೆ ಏರಿದ್ದಕ್ಕೆ ವೈದ್ಯರು ಡೋಸ್ ಏರಿಸುತ್ತಾರೆ, ಮೂಲ ಮಾತ್ರ ಐಸ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಜೂನ್, ಜುಲೈನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಕೈಯಲ್ಲಿ ಕಾಸಿಲ್ಲದೆ ಬಿಪಿ ಮಾತ್ರೆ ಅರ್ಧಕ್ಕೆ ಮುರಿದು ನುಂಗುವವರು, ಬೋಟಿನಲ್ಲಿ ಮೂತ್ರಕ್ಕೆ ಹೋಗುವುದು ಕಷ್ಟವೆಂದು ನೀರು ಇಳಿಸುವ ಮಾತ್ರೆಯನ್ನು ದಡದಲ್ಲೇ ಬಿಟ್ಟು ಹೋಗುವವರು ಸಿಕ್ಕರೂ ಸಿಗಬಹುದು. ಯಾವುದಾದರೂ ಔಷಧದ ಅಂಗಡಿಯಲ್ಲಿ ಒಂದು ರಜೆ ಕೆಲಸ ಮಾಡಿ, ಇಂಥ ಎರಡು ಮೂರು ಸಂಗತಿಗಳನ್ನು ಕಣ್ಣಾರೆ ಕಂಡು ಬರೆದರೆ ಆ ಪುಟವನ್ನು ಓದುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ರೋಗಿಯ ಹೆಸರು, ಮನೆ, ಗುರುತು ಸಿಗುವ ಯಾವುದೂ ಅದರಲ್ಲಿ ಇರಕೂಡದು. ಅದನ್ನು ಕಾಪಾಡಿದ್ದೀರಿ ಎಂಬುದೂ ನಿಮ್ಮ ಅರ್ಹತೆಯೇ.

ಇನ್ನೊಂದು ಉದಾಹರಣೆ ನಮ್ಮದೇ. ಪಾರ್ಶ್ವವಾಯು ಹೊಡೆದವರು ದೂರದೂರಿಂದ ಅಂಕೋಲೆಯ ಬೆಳಂಬಾರಕ್ಕೆ ನಾಟಿ ಔಷಧಕ್ಕೆ ಬರುತ್ತಾರೆ. ಅದೇ ರೋಗಿ ಆಸ್ಪತ್ರೆಯ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಬಹುದು, ಬೈಯುತ್ತಾರೆಂಬ ಅಂಜಿಕೆಗೆ ನಾಟಿ ಔಷಧದ ವಿಷಯ ವೈದ್ಯರಿಗೆ ಹೇಳಿರುವುದಿಲ್ಲ. ಔಷಧ ಚರಿತ್ರೆ ತೆಗೆಯುವುದು ಕ್ಲಿನಿಕಲ್ ಫಾರ್ಮಸಿಸ್ಟಿನ ಮೊದಲ ಕೆಲಸ. ಹಾಲಕ್ಕಿ ಅಜ್ಜಿಯೊಬ್ಬಳ ಪಕ್ಕ ಕೂತು, ತೆಗಳದೆ, ‘ಮತ್ತೇನು ತಗೊಂಡಿದ್ದಿ ಅಜ್ಜಿ?’ ಎಂದು ಕೇಳಿ ಉತ್ತರ ಪಡೆಯುವ ಕಲೆ ಈ ಊರಿನ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ. ಕನ್ನಡ, ಕೊಂಕಣಿ ಎರಡೂ ಬರುವುದನ್ನು ಅರ್ಜಿಯ ಕೊನೆಯಲ್ಲಿ ‘ತಿಳಿದಿರುವ ಭಾಷೆಗಳು’ ಎಂಬ ಸಾಲಿಗೆ ತಳ್ಳಬೇಡಿ. ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುವ ಕಾಲೇಜುಗಳಲ್ಲಿ ರೋಗಿಯ ಭಾಷೆ ಬಲ್ಲ ಇಂಟರ್ನ್ ಬಹಳ ಬೇಗ ವಾರ್ಡಿಗೆ ಬೇಕಾದವನಾಗುತ್ತಾನೆ.

ಬಿ.ಫಾರ್ಮ್ ಓದುತ್ತಿರುವವರಿಗೂ ಒಂದು ಮಾತು. ಆರನೇ ಸೆಮಿಸ್ಟರ್ ಆದ ಮೇಲೆ ನಾಲ್ಕು ವಾರ, 150 ಗಂಟೆಯ ಉದ್ಯಮ ಅಥವಾ ಆಸ್ಪತ್ರೆ ತರಬೇತಿ ಅಪೇಕ್ಷಣೀಯ ಎಂದು ಪಠ್ಯಕ್ರಮದಲ್ಲೇ ಇದೆ. ಹೆಚ್ಚಿನವರು ಕಂಪನಿಯೊಂದನ್ನು ಸುತ್ತಿ, ಸರ್ಟಿಫಿಕೇಟು ತಂದು ಕೈ ತೊಳೆದುಕೊಳ್ಳುತ್ತಾರೆ. ಆ ನಾಲ್ಕು ವಾರವನ್ನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕಳೆಯಿರಿ. ನೀವೇ ಹೋಗಿ ಕೇಳಿದರೆ ಯಾರೂ ಒಳಗೆ ಬಿಡಲಿಕ್ಕಿಲ್ಲ. ಕಾಲೇಜಿನ ಪ್ರಾಂಶುಪಾಲರ ಪತ್ರ ಆಸ್ಪತ್ರೆಯ ನಿರ್ದೇಶಕರ ಇಲ್ಲವೇ ವೈದ್ಯಕೀಯ ಅಧೀಕ್ಷಕರ ಹೆಸರಿಗೆ, ದಿನಾಂಕ, ಅವಧಿ, ಮೇಲ್ವಿಚಾರಕರ ಹೆಸರು ಸಮೇತ, ಎರಡು ತಿಂಗಳು ಮೊದಲೇ ಹೋಗಬೇಕು. ಔಷಧದ ಅಡ್ಡಪರಿಣಾಮ ವರದಿ ಮಾಡುವುದನ್ನು ಅಲ್ಲಿ ಕಲಿಯಿರಿ. ಭಾರತ ಸರ್ಕಾರ 2010ರಲ್ಲಿ ಶುರು ಮಾಡಿದ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ಈಗ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗವೇ ಕೇಂದ್ರ. 1800-180-3024ಕ್ಕೆ ಕರೆ ಮಾಡಿ ಯಾರು ಬೇಕಾದರೂ ಅಡ್ಡಪರಿಣಾಮ ತಿಳಿಸಬಹುದು. ನೀವು ತುಂಬಿ ಕಳಿಸಿದ ಒಂದು ಸರಿಯಾದ ವರದಿ ಹತ್ತು ವೆಬಿನಾರ್ ಪ್ರಮಾಣಪತ್ರಗಳಿಗಿಂತ ಹೆಚ್ಚು ಬೆಲೆಯದು.

ವಿದೇಶದ ಬಗ್ಗೆ ಎರಡೇ ಮಾತು, ಏಕೆಂದರೆ ಏಜೆಂಟರು ಇದನ್ನು ಮುಚ್ಚಿಡುತ್ತಾರೆ. ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಲು ಹೊರದೇಶದವರು ಬರೆಯಬೇಕಾದ ಪರೀಕ್ಷೆಗೆ, 2003ರ ಜನವರಿ 1ರ ನಂತರ ಪದವಿ ಪಡೆದವರಾದರೆ, ಕನಿಷ್ಠ ಐದು ವರ್ಷದ ಫಾರ್ಮಸಿ ಓದು ಇರಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಅದಕ್ಕೆ ಸಾಲದು. ಬ್ರಿಟನ್ನಿಗೆ ಹೋಗುವವರು ಅಲ್ಲಿ ಒಂದು ವರ್ಷದ ಓಸ್ಪಾಪ್ ಕೋರ್ಸ್ ಮಾಡಿ, ಆಮೇಲೆ ಮೇಲೆ ಹೇಳಿದ 52 ವಾರದ ತರಬೇತಿಗೆ ಜಾಗ ಹಿಡಿದು, ಕೊನೆಗೆ ನೋಂದಣಿ ಪರೀಕ್ಷೆ ಪಾಸಾಗಬೇಕು. ಕೋರ್ಸಿನ ಸೀಟು ಸಿಕ್ಕಿತೆಂದರೆ ತರಬೇತಿಯ ಜಾಗ ಸಿಕ್ಕಿತೆಂದಲ್ಲ. ಕೊಲ್ಲಿ ದೇಶಗಳ ದಾರಿ ಕರಾವಳಿಯವರಿಗೆ ಹಳೆಯದು. ಅಲ್ಲಿ ಪ್ರಮಾಣಪತ್ರಗಳ ಮೂಲ ಪರಿಶೀಲನೆ ಮತ್ತು ಪರವಾನಗಿ ಪರೀಕ್ಷೆಯ ಜೊತೆ ಕೆಲಸದ ಅನುಭವವನ್ನೂ ಕೇಳುತ್ತಾರೆ. ಹೆಸರಿಗಷ್ಟೇ ಅಂಗಡಿಯೊಂದಕ್ಕೆ ಲೈಸೆನ್ಸ್ ಕೊಟ್ಟು ಮನೆಯಲ್ಲಿ ಕೂತ ವರ್ಷಗಳು ಆ ಪರಿಶೀಲನೆಯಲ್ಲಿ ನಿಲ್ಲುವುದು ಕಷ್ಟ.

ಇಷ್ಟೆಲ್ಲ ಮಾಡಿ ಬಂದವರಿಗೆ ಊರಲ್ಲಿ ಕೆಲಸ ಇದೆಯೇ? ಸರ್ಕಾರಿ ಆಸ್ಪತ್ರೆಯ ಫಾರ್ಮಸಿ ಹುದ್ದೆಗಳು ಇಂದಿಗೂ ಡಿಪ್ಲೊಮಾದ ಸುತ್ತ ಹೆಣೆದವು. ಫಾರ್ಮಸಿ ಪರಿಷತ್ತು ತನ್ನ 2015ರ ವೃತ್ತಿ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ತಂದು ಕ್ಲಿನಿಕಲ್ ಫಾರ್ಮಸಿಸ್ಟ್, ಔಷಧ ಮಾಹಿತಿ ಫಾರ್ಮಸಿಸ್ಟ್ ಹುದ್ದೆಗಳನ್ನು ಹೆಸರಿಸಿತು. ಹೆಸರಿಸಿದ ಹುದ್ದೆಯನ್ನು ಮಂಜೂರು ಮಾಡಬೇಕಾದವರು ರಾಜ್ಯದವರು. ಸದ್ಯಕ್ಕೆ ಕೆಲಸ ಹೆಚ್ಚು ಸಿಗುತ್ತಿರುವುದು ಎನ್‌ಎಬಿಎಚ್ ಗುಣಮಟ್ಟದ ಮಾನ್ಯತೆ ಬಯಸುವ ಖಾಸಗಿ ಆಸ್ಪತ್ರೆಗಳಲ್ಲಿ, ಅಂದರೆ ಮತ್ತೆ ಜಿಲ್ಲೆಯ ಹೊರಗೆ.

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತ ಮೇಲೆ, ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯಿಡೀ ಹಬ್ಬಿತು. ಆ ಬೇಡಿಕೆಯ ಪಟ್ಟಿಗಳಲ್ಲಿ ಹೃದ್ರೋಗ ತಜ್ಞರು, ನರರೋಗ ತಜ್ಞರು, ಟ್ರಾಮಾ ಕೇಂದ್ರ ಎಲ್ಲ ಇದ್ದವು, ಇರಬೇಕಾದ್ದೇ. ಔಷಧದ ಡೋಸ್ ತೂಗಿ ನೋಡುವವರು ಬೇಕೆಂದು ಯಾರೂ ಕೂಗಿದ್ದು ನನಗೆ ಕೇಳಿಸಲಿಲ್ಲ. ಕಾರವಾರದ ಜಿಲ್ಲಾಸ್ಪತ್ರೆಯನ್ನು ಜೋಡಿಸಿಕೊಂಡು 2016ರಲ್ಲಿ ಕ್ರಿಮ್ಸ್ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಹಾಸಿಗೆಯ ಲೆಕ್ಕದಲ್ಲಿ ಅದು ಫಾರ್ಮ್ ಡಿ ನಿಯಮದ 300ನ್ನು ದಾಟಿದೆ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯ ಜೊತೆ ಒಡಂಬಡಿಕೆ ಮಾಡಿಕೊಳ್ಳಲು ಅದೇ ನಿಯಮ ಕಾಲೇಜುಗಳಿಗೆ ಅವಕಾಶ ಕೊಡುತ್ತದೆ. ಹುಬ್ಬಳ್ಳಿಯದೋ ಮಂಗಳೂರಿನದೋ ಒಂದು ಕಾಲೇಜು ತನ್ನ ನಾಲ್ಕೈದು ಇಂಟರ್ನ್‌ಗಳನ್ನು, ಜೊತೆಗೊಬ್ಬ ಅಧ್ಯಾಪಕರನ್ನು ಇಲ್ಲಿ ಕಾಯಂ ಇರಿಸಲು ಬೇಕಾದದ್ದು ಎರಡು ಸಹಿ ಮತ್ತು ಆಸ್ಪತ್ರೆಯೊಳಗೆ ಒಂದು ಕೋಣೆ. ಜಿಲ್ಲಾ ಉಸ್ತುವಾರಿ ಸಚಿವರಿಗೆ ಮುಂದಿನ ಸಲ ಮನವಿ ಬರೆಯುವವರು ಆಸ್ಪತ್ರೆಯ ಕಟ್ಟಡದ ಸಾಲಿನ ಕೆಳಗೆ ಇದನ್ನೂ ಒಂದು ಸಾಲಾಗಿ ಸೇರಿಸಬಹುದು, ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.